ವೇರಿಗೇಟೆಡ್ ಪಾಯಿನ್ಸೆಟಿಯಾ: ಔಷಧಿ ಹೊಡೆಯುವ ಮೊದಲು ಬಿಳಿ ಎಲ್ಲಿಂದ ಬಂತು ನೋಡಿ

ಕಳೆದ ನವೆಂಬರ್‌ನಲ್ಲಿ ಕೆಳಗಿನ ಮನೆಯ ಹುಡುಗಿ ಒಂದು ಕುಂಡ ಹೊತ್ತುಕೊಂಡು ನಮ್ಮ ತಾರಸಿಗೆ ಬಂದಳು. “ಆಂಟಿ, ಇದಕ್ಕೆ ಏನೋ ರೋಗ ಬಂದಿದೆ. ಎಲೆ ಅಂಚೆಲ್ಲ ಬೆಳ್ಳಗಾಗಿದೆ. ಎರಡು ವಾರದಿಂದ ಔಷಧಿ ಹೊಡೀತಿದೀನಿ, ಕಮ್ಮಿನೇ ಆಗ್ತಿಲ್ಲ” ಅಂದಳು. ಕುಂಡದಲ್ಲಿದ್ದದ್ದು ವೇರಿಗೇಟೆಡ್ ಪಾಯಿನ್ಸೆಟಿಯಾ. ಚಳಿಗಾಲದಲ್ಲಿ ತುದಿಯ ಎಲೆಗಳು ಕೆಂಪಾಗುವ ಗಿಡ ಪಾಯಿನ್ಸೆಟಿಯಾ; ವೇರಿಗೇಟೆಡ್ ಅಂದರೆ ಒಂದೇ ಎಲೆಯಲ್ಲಿ ಎರಡು ಬಣ್ಣ ಇರುವುದು. ಆ ಬಿಳಿ ಅದರ ಹುಟ್ಟುಗುಣ. ರೋಗ ಇರಲೇ ಇಲ್ಲ. ಆದರೆ ಅಷ್ಟು ಔಷಧಿ ಕುಡಿದು ಎಳೆ ಎಲೆಗಳು ಸುಟ್ಟು ಸುರುಟಿಕೊಂಡಿದ್ದವು.

ಅದಕ್ಕೂ ಎರಡು ವರ್ಷ ಮುಂಚೆ ನಾನು ಇದರ ತಿರುಗಾಮುರುಗಾ ತಪ್ಪು ಮಾಡಿದ್ದೆ. ಮಾಮೂಲಿ ಹಸಿರು ಗಿಡದ ನಡು ಎಲೆಗಳ ಅಂಚು ತಿಳಿ ಹಳದಿಯಾಗುತ್ತಾ ಬಂತು. ಅರೆ, ನಮ್ಮ ಗಿಡವೂ ವೇರಿಗೇಟೆಡ್ ಆಗುತ್ತಿದೆ ಅಂತ ಖುಷಿಯಲ್ಲಿ ಬಿಟ್ಟುಬಿಟ್ಟೆ. ಮೂರು ವಾರದಲ್ಲಿ ಆ ಅಂಚುಗಳು ಕಂದಾಗಿ ಒಣಗಿದವು. ಅದು ಗೊಬ್ಬರದ ಕೊರತೆ.

ಈ ಗಿಡದ ಅರ್ಧ ತೊಂದರೆ ಇಲ್ಲೇ ಇದೆ. ಬಿಳಿಯನ್ನು ಸರಿಯಾಗಿ ಓದಿದರೆ ಮಿಕ್ಕದ್ದು ಕಷ್ಟವಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಹುಟ್ಟಿನ ಬಿಳಿಯೋ, ಆಮೇಲೆ ಬಂದದ್ದೋ?

ವೇರಿಗೇಟೆಡ್ ಅಂತ ಮಾರುವುದರಲ್ಲಿ ಎರಡು ಬಗೆ ಇವೆ. ಟ್ಯಾಪೆಸ್ಟ್ರಿ, ಸಿಲ್ವರ್ ಸ್ಟಾರ್ ಥರದ ತಳಿಗಳಲ್ಲಿ ಹಸಿರು ಎಲೆಯ ಅಂಚಿಗೇ ಕೆನೆ ಬಣ್ಣ ಅಥವಾ ಬಿಳಿ ಇರುತ್ತದೆ. ಅದು ವರ್ಷವಿಡೀ ಕಾಣುತ್ತದೆ. ಜಿಂಗಲ್ ಬೆಲ್ಸ್ ಥರದ್ದರಲ್ಲಿ ಎಲೆ ಪೂರ್ತಿ ಹಸಿರು. ಚಳಿಗಾಲದಲ್ಲಿ ತುದಿಯ ಎಲೆಗಳು ಕೆಂಪಾದಾಗ ಮಾತ್ರ ಅದರ ಮೇಲೆ ಗುಲಾಬಿ ಬಣ್ಣ ಚಿಮುಕಿಸಿದ ಹಾಗೆ ಕಾಣುತ್ತದೆ. ನಮ್ಮ ನರ್ಸರಿಗಳಲ್ಲಿ ತಳಿಯ ಹೆಸರಿನ ಚೀಟಿ ಸಿಗುವುದು ಅಪರೂಪ. ನಿಮ್ಮದು ಇವೆರಡರಲ್ಲಿ ಯಾವ ಬಗೆ ಅಂತ ಗೊತ್ತಿದ್ದರೆ ಸಾಕು.

ಎಲೆ ಅಂಚು ಬಿಳಿ ಇರುವ ಬಗೆಯ ಕಾರಣ ಹೀಗಿದೆ. ಗಿಡದ ಚಿಗುರಿನ ತುದಿ ಈರುಳ್ಳಿಯ ಹಾಗೆ ಪದರ ಪದರವಾಗಿರುತ್ತದೆ. ಎಲೆಯ ಅಂಚು ಹೆಚ್ಚಾಗಿ ಎರಡನೇ ಪದರದಿಂದ ಬರುತ್ತದೆ, ನಡುಭಾಗ ಒಳಪದರದಿಂದ. ಎರಡನೇ ಪದರದ ಜೀವಕೋಶಗಳು ಹಸಿರು ಮಾಡುವ ಶಕ್ತಿ ಕಳೆದುಕೊಂಡಿದ್ದರೆ ಅಂಚು ಬಿಳಿ, ನಡು ಹಸಿರು. ಅಂದರೆ ಒಂದೇ ಕಾಂಡದಲ್ಲಿ ಎರಡು ಗಿಡ ಒಂದರ ಮೈಗೆ ಒಂದು ಅಂಟಿಕೊಂಡು ಬದುಕುತ್ತಿವೆ ಅಂದುಕೊಳ್ಳಿ. ಈ ಮಾತು ನೆನಪಿರಲಿ, ಮುಂದೆ ಮತ್ತೆ ಮತ್ತೆ ಬೇಕಾಗುತ್ತದೆ.

ಈಗ ಪರೀಕ್ಷೆ. ಬೆಳಗಿನ ಬೆಳಕಿನಲ್ಲಿ ಒಂದು ಎಲೆಯನ್ನು ಆಕಾಶಕ್ಕೆ ಹಿಡಿದು ನೋಡಿ. ಹುಟ್ಟಿನ ಬಿಳಿಗೆ ಗೆರೆ ಎಳೆದ ಹಾಗೆ ಚೂಪಾದ ಗಡಿ ಇರುತ್ತದೆ. ಹಸಿರು ಇಲ್ಲಿಗೆ ಮುಗಿಯಿತು, ಬಿಳಿ ಇಲ್ಲಿಂದ ಶುರು. ಕೊರತೆಯಿಂದ ಬಂದ ಹಳದಿಗೆ ಗಡಿ ಇರುವುದಿಲ್ಲ. ಹಸಿರು ಮೆಲ್ಲಗೆ ಕರಗಿ ಹಳದಿಯಾಗಿರುತ್ತದೆ. ಇನ್ನೂ ಅನುಮಾನ ಇದ್ದರೆ ಈಗ ತಾನೇ ಬಿಚ್ಚಿಕೊಳ್ಳುತ್ತಿರುವ ಒಂದು ಎಳೆ ಎಲೆಗೆ ದಾರ ಕಟ್ಟಿ ಹತ್ತು ದಿನ ಬಿಡಿ. ಹುಟ್ಟಿನ ಬಿಳಿ ಎಲೆ ಬಿಚ್ಚಿದ ದಿನವೇ ಇರುತ್ತದೆ, ಎಲೆಯ ಜೊತೆಗೇ ಬೆಳೆಯುತ್ತದೆ. ಆಮೇಲೆ ಬಂದು ಸೇರಿಕೊಂಡದ್ದಾದರೆ ಅದು ತೊಂದರೆ.

ತೊಂದರೆ ಅಂತ ಗೊತ್ತಾದ ಮೇಲೆ ಯಾವ ಎಲೆ ಅನ್ನೋದನ್ನು ನೋಡಬೇಕು. ಕೆಳಗಿನ ಹಳೇ ಎಲೆಗಳಲ್ಲಿ ನರ ಹಸಿರಾಗಿದ್ದು ನಡುವಿನ ಜಾಗ ಹಳದಿಯಾದರೆ ಮೆಗ್ನೀಸಿಯಂ ಕಮ್ಮಿ. ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಮೆಗ್ನೀಸಿಯಂ ಸಲ್ಫೇಟ್ ಕರಗಿಸಿ ತಿಂಗಳಿಗೊಮ್ಮೆ ಬುಡಕ್ಕೆ ಹಾಕಿದರೆ ಸಾಕು. ತುದಿಯ ಹೊಸ ಎಲೆಗಳು ಹೀಗೆಯೇ ಆದರೆ ಕಬ್ಬಿಣ ಸಿಗುತ್ತಿಲ್ಲ. ಬೋರ್ ನೀರು ಹಾಕುವ ಮನೆಗಳಲ್ಲಿ ಇದು ಜಾಸ್ತಿ. ಗಡಸು ನೀರು ಮಣ್ಣನ್ನು ಕ್ಷಾರದ ಕಡೆ ತಳ್ಳುತ್ತದೆ. ಕಬ್ಬಿಣ ಮಣ್ಣಲ್ಲೇ ಇದ್ದರೂ ಬೇರಿಗೆ ಸಿಗುವುದಿಲ್ಲ. ಈ ಗಿಡಕ್ಕೆ ಬೇಕಾದ ಪಿಎಚ್ ಸುಮಾರು 5.8ರಿಂದ 6.2, ಅಂದರೆ ಸ್ವಲ್ಪ ಹುಳಿ ಕಡೆಗೆ. ಮಳೆ ನೀರು ಹಿಡಿದಿಟ್ಟು ವಾರಕ್ಕೊಮ್ಮೆ ಅದನ್ನೇ ಹಾಕಿ. ಅಷ್ಟಕ್ಕೇ ಎಷ್ಟೋ ಗಿಡಗಳು ಸುಧಾರಿಸುತ್ತವೆ.

ನನ್ನ ಗಿಡಕ್ಕೆ ಆಗಿದ್ದು ಮೂರನೆಯದು, ಮಾಲಿಬ್ಡಿನಮ್ ಕೊರತೆ. ನಡುವಿನ ಎಲೆಗಳ ಅಂಚು ಮೊದಲು ತಿಳಿ ಹಳದಿ, ಆಮೇಲೆ ಕಂದು. ಬೇರೆ ಎಷ್ಟೋ ಗಿಡಗಳಿಗೆ ಚೂರೇ ಚೂರು ಸಾಕಾಗುವ ಈ ಲಘು ಪೋಷಕಾಂಶ ಪಾಯಿನ್ಸೆಟಿಯಾಕ್ಕೆ ಹೆಚ್ಚು ಬೇಕು. ನಾನು ವರ್ಷಪೂರ್ತಿ ಬರೀ 19:19:19 ಹಾಕುತ್ತಿದ್ದೆ. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಶ್ ಬಿಟ್ಟರೆ ಬೇರೇನೂ ಇರಲಿಲ್ಲ. ಮಾಲಿಬ್ಡಿನಮ್ ಸೇರಿದ ಲಘು ಪೋಷಕಾಂಶದ ಪುಡಿಯನ್ನು ಪ್ಯಾಕೆಟ್ ಮೇಲೆ ಹೇಳಿದ ಅರ್ಧ ಅಳತೆಯಲ್ಲಿ ಕೊಟ್ಟೆ. ಒಣಗಿದ ಅಂಚು ಹಸಿರಾಗಲಿಲ್ಲ, ಆಗುವುದೂ ಇಲ್ಲ. ಹೊಸ ಎಲೆಗಳು ಮಾತ್ರ ಚೆನ್ನಾಗಿ ಬಂದವು. ಗುಣವಾಯಿತೋ ಇಲ್ಲವೋ ಅಂತ ಯಾವಾಗಲೂ ಹೊಸ ಎಲೆಯಲ್ಲಿ ನೋಡಿ.

ವೈರಸ್ ಮಾತು ಬೇರೆ. ಪಾಯಿನ್ಸೆಟಿಯಾ ಮೊಸಾಯಿಕ್ ವೈರಸ್ ಇದ್ದರೆ ಎಲೆಯ ಮೇಲೆ ನರಗಳ ನಡುವೆ ಮೂಲೆ ಮೂಲೆಯಾದ ತಿಳಿ ಹಸಿರು ಚೂರುಗಳು ಕಾಣುತ್ತವೆ. ಚಳಿಯ ದಿನಗಳಲ್ಲಿ ಎದ್ದು ಕಾಣುತ್ತದೆ, ಸೆಖೆ ಬಂದಾಗ ಮಸುಕಾಗುತ್ತದೆ. ಹುಟ್ಟಿನ ಬಿಳಿ ಹೀಗೆ ಬಂದು ಹೋಗುವುದಿಲ್ಲ. ಇದಕ್ಕೆ ಔಷಧಿ ಇಲ್ಲ. ಗಿಡ ಸಾಯುವುದಿಲ್ಲ, ಆದರೆ ಕತ್ತರಿಯಲ್ಲಿ ಅಂಟಿದ ಗಿಡದ ಹಾಲಿನ ಮೂಲಕ ಬೇರೆ ಗಿಡಕ್ಕೆ ದಾಟುತ್ತದೆ. ಹೀಗಾಗಿ ಒಂದು ಗಿಡ ಸವರಿದ ಮೇಲೆ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದನ್ನು ಮುಟ್ಟಬೇಡಿ.

ಅಂಗಡಿಯಲ್ಲಿ ನೀಲಿ ಪಾಯಿನ್ಸೆಟಿಯಾ, ಮಿನುಗುವ ಚುಕ್ಕೆಯ ಪಾಯಿನ್ಸೆಟಿಯಾ ಕಂಡರೆ ಎಲೆ ಮಗುಚಿ ಹಿಂಭಾಗ ನೋಡಿ. ನೀಲಿ ಬಣ್ಣದ ಪಾಯಿನ್ಸೆಟಿಯಾ ಅನ್ನೋದೇ ಇಲ್ಲ. ಬಿಳಿ ಗಿಡಕ್ಕೆ ಬಣ್ಣ ಸಿಂಪಡಿಸಿರುತ್ತಾರೆ. ಹೊಸ ಎಲೆ ಬಿಳಿಯಾಗಿ ಬಂತು ಅಂತ ಆಮೇಲೆ ಗಿಡವನ್ನು ದೂರುವುದು ಬೇಡ.

ಒಂದು ಕೊಂಬೆ ಪೂರ್ತಿ ಹಸಿರಾಗಿ ನುಗ್ಗುತ್ತಿದೆ

ಇದು ವೇರಿಗೇಟೆಡ್ ಗಿಡದ ಸಹಜ ಗುಣ. ಪದರಗಳ ಮಾತು ಹೇಳಿದೆನಲ್ಲ, ಒಳಗಿನ ಹಸಿರು ಪದರ ಯಾವುದೋ ಒಂದು ಮೊಗ್ಗಿನಲ್ಲಿ ಬಿಳಿ ಪದರವನ್ನು ಸರಿಸಿ ಮುಂದೆ ಬರುತ್ತದೆ. ಅಲ್ಲಿಂದ ಹುಟ್ಟಿದ ಕೊಂಬೆ ಪೂರ್ತಿ ಹಸಿರು. ಅದರ ಪ್ರತಿ ಎಲೆಯೂ ಇಡಿಯಾಗಿ ಅಡುಗೆ ಮಾಡುತ್ತದೆ. ಪಕ್ಕದ ಬಿಳಿ ಅಂಚಿನ ಕೊಂಬೆಯಲ್ಲಿ ಅರ್ಧ ಎಲೆ ಮಾತ್ರ ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ಹಸಿರು ಕೊಂಬೆ ಹೆಚ್ಚು ವೇಗದಲ್ಲಿ ಬೆಳೆದು ಮಿಕ್ಕವಕ್ಕೆ ನೆರಳು ಮಾಡುತ್ತದೆ. ಎರಡು ವರ್ಷ ಬಿಟ್ಟರೆ ನಿಮ್ಮ ಹತ್ತಿರ ಮಾಮೂಲಿ ಹಸಿರು ಗಿಡ ಉಳಿಯುತ್ತದೆ.

ತೆಗೆಯಬೇಕು. ಎಲ್ಲಿ ಕತ್ತರಿಸುತ್ತೀರಿ ಅನ್ನೋದು ಮುಖ್ಯ. ಹಸಿರು ಕೊಂಬೆಯನ್ನು ಅರ್ಧಕ್ಕೆ ಕತ್ತರಿಸಿದರೆ ಉಳಿದ ತುಂಡಿನಿಂದ ಮತ್ತೆ ಎರಡು ಹಸಿರು ಕೊಂಬೆ ಬರುತ್ತವೆ. ಅದು ತಾಯಿ ಕೊಂಬೆಗೆ ಸೇರುವ ಜಾಗದವರೆಗೆ ಹೋಗಿ ಬುಡ ಸಮೇತ ತೆಗೆಯಿರಿ. ಕೊಂಬೆಯ ಕೆಳಭಾಗ ಚೆನ್ನಾಗಿದ್ದು ಮೇಲೆ ಮಾತ್ರ ಹಸಿರಾಗಿದ್ದರೆ ಕೆಳಗೆ ಬನ್ನಿ. ಎರಡೂ ಕಡೆ ಬಿಳಿ ಸಮವಾಗಿರುವ ಎಲೆ ಸಿಗುವವರೆಗೆ ಬನ್ನಿ. ಆ ಎಲೆಯ ಕಂಕುಳಲ್ಲಿ ಒಂದು ಮೊಗ್ಗು ಕೂತಿರುತ್ತದೆ. ಅದರ ಮೇಲೆ ಕಾಲು ಇಂಚು ಬಿಟ್ಟು ಕತ್ತರಿಸಿ. ಎಲೆಯ ಒಂದು ಕಡೆ ಬಿಳಿ, ಇನ್ನೊಂದು ಕಡೆ ಪೂರ್ತಿ ಹಸಿರು ಅಂತಿದ್ದರೆ ಆ ಮೊಗ್ಗನ್ನು ನಂಬಬೇಡಿ. ಇನ್ನೂ ಒಂದು ಎಲೆ ಕೆಳಗೆ ಹೋಗಿ.

ಕತ್ತರಿಸಿದ ಕೂಡಲೇ ಹಾಲು ಸುರಿಯುತ್ತದೆ. ಕಳ್ಳಿಯ ವಂಶದ ಗಿಡ ಅಲ್ವಾ. ಒದ್ದೆ ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಕೈಗವಸು ಹಾಕಿಕೊಳ್ಳಿ, ಆ ಕೈಯಲ್ಲಿ ಕಣ್ಣು ಉಜ್ಜಬೇಡಿ. ಇದು ಪ್ರಾಣ ತೆಗೆಯುವ ವಿಷ ಅನ್ನುವ ಮಾತು ಅತಿಯಾಯಿತು. ಆದರೆ ಕೆಲವರ ಚರ್ಮಕ್ಕೆ ಉರಿ, ತುರಿಕೆ ಬರುತ್ತದೆ. ಮಕ್ಕಳೋ ನಾಯಿಯೋ ಅಗಿದರೆ ಬಾಯಿ ಉರಿ, ವಾಂತಿ ಆಗಬಹುದು.

ಪೂರ್ತಿ ಬಿಳಿ ಕೊಂಬೆ ಬಂದರೆ ತುಂಬ ಚಂದ ಕಾಣುತ್ತದೆ. ಅದಕ್ಕೆ ಸ್ವಂತ ದುಡಿಮೆ ಇಲ್ಲ, ಬೇರೆ ಕೊಂಬೆಗಳ ಅನ್ನದಲ್ಲೇ ಬದುಕುತ್ತದೆ. ಗಿಡ ದೊಡ್ಡದಿದ್ದರೆ ಒಂದನ್ನು ಇಟ್ಟುಕೊಳ್ಳಿ. ಗಿಡ ಸಣ್ಣದಿದ್ದರೆ ಮನಸ್ಸು ಗಟ್ಟಿ ಮಾಡಿ ತೆಗೆಯಿರಿ.

ಬಿಳಿ ಭಾಗ ಕಂದಾಗಿ ಒಣಗುತ್ತಿದೆ

ಮಾರ್ಚ್‌ನಿಂದ ಮೇವರೆಗೆ ನನಗೆ ಹೆಚ್ಚು ಕೇಳಿಬರುವ ದೂರು ಇದು. ಬಿಸಿಲು ಬೀಳುವ ಕಡೆಯ ಎಲೆ ಮಾತ್ರ, ಅದರಲ್ಲೂ ಮೇಲಿನ ಎಲೆ ಮಾತ್ರ ಕಾಗದದ ಹಾಗೆ ಒಣಗಿದ್ದರೆ ಅದು ಬಿಸಿಲಿನ ಸುಟ್ಟ ಗಾಯ. ಬಿಳಿ ಭಾಗ ಬಿಸಿಲಿಗೆ ಬೇಗ ಸೋಲುತ್ತದೆ. ಹಸಿರು ಪಾಯಿನ್ಸೆಟಿಯಾ ಬೆಂಗಳೂರಿನ ತೋಟಗಳಲ್ಲಿ ಇಡೀ ದಿನ ಬಿಸಿಲಲ್ಲಿ ನಿಂತು ಪೊದೆಯಾಗುತ್ತದೆ. ವೇರಿಗೇಟೆಡ್ ಗಿಡದಿಂದ ಅದನ್ನು ನಿರೀಕ್ಷಿಸಬೇಡಿ. ಬೆಳಗಿನ ಬಿಸಿಲು 10 ಗಂಟೆವರೆಗೆ, ಆಮೇಲೆ ಶೇಡ್ ನೆಟ್ ಅಡಿಯ ಬೆಳಕು. ಹಾಗಂತ ಮನೆಯೊಳಗಿನ ಮೂಲೆಗೆ ತಳ್ಳಬೇಡಿ. ಅರ್ಧ ಎಲೆಯಲ್ಲಿ ಅಡುಗೆ ಮಾಡುವ ಗಿಡಕ್ಕೆ ಬೆಳಕು ಕಮ್ಮಿಯಾದರೆ ಕಾಂಡ ಉದ್ದುದ್ದ ಎಳೆದು ಎಲೆ ಬಿಡುತ್ತದೆ.

ಎಲ್ಲ ಕಡೆಯ ಎಲೆಗಳ ತುದಿ, ಅಂಚು ಒಣಗಿದ್ದರೆ ಕುಂಡದ ಬಾಯಿ ನೋಡಿ. ಅಲ್ಲಿ ಬಿಳಿ ಹುಡಿ ಕಟ್ಟಿದೆಯಾ? ಹಾಗಿದ್ದರೆ ಉಪ್ಪು ಸೇರಿದೆ, ಬೋರ್ ನೀರಿನದ್ದೋ ಜಾಸ್ತಿಯಾದ ಗೊಬ್ಬರದ್ದೋ. ಕುಂಡದ ಅಳತೆಯ ಎರಡು ಮೂರು ಪಟ್ಟು ಒಳ್ಳೆ ನೀರನ್ನು ನಿಧಾನವಾಗಿ ಸುರಿದು ತೂತಿನಿಂದ ಪೂರ್ತಿ ಬಸಿದು ಹೋಗಲು ಬಿಡಿ. ವೇರಿಗೇಟೆಡ್ ಗಿಡ ನಿಧಾನ ಬೆಳೆಯುತ್ತದೆ, ಆದ್ದರಿಂದ ತಿನ್ನುವುದೂ ಕಮ್ಮಿ. ಹಸಿರು ಗಿಡಕ್ಕೆ ಕೊಡುವ ಗೊಬ್ಬರದ ಅರ್ಧ ಸಾಕು.

ಮಣ್ಣು ಹಸಿ ಇದೆ, ಗಿಡ ಮಾತ್ರ ಜೋತುಬಿದ್ದಿದೆ

ದಯವಿಟ್ಟು ನೀರು ಹಾಕಬೇಡಿ. ನಾನು ನೋಡಿದ ಸತ್ತ ಪಾಯಿನ್ಸೆಟಿಯಾಗಳಲ್ಲಿ ಹೆಚ್ಚಿನವು ಬಾಯಾರಿ ಸತ್ತಿಲ್ಲ, ನೀರು ಹೆಚ್ಚಾಗಿ ಸತ್ತಿವೆ. ಈ ಗಿಡದ ತವರು ಮೆಕ್ಸಿಕೋದ ಪೆಸಿಫಿಕ್ ಕಡೆಯ ಇಳಿಜಾರು ಕಾಡುಗಳು. ಮಳೆ ಬಂದರೂ ನೀರು ನಿಲ್ಲದೆ ಹರಿದುಹೋಗುವ, ಆಮೇಲೆ ತಿಂಗಳುಗಟ್ಟಲೆ ಒಣಗಿರುವ ಜಾಗ. ಕಾಡಿನಲ್ಲಿ ಅದು ಆಳೆತ್ತರ ಮೀರಿದ ಪೊದೆ. ಅಂಥದ್ದನ್ನು ತಂದು ಅಂಟು ಕೆಮ್ಮಣ್ಣಿನಲ್ಲಿ ನೆಟ್ಟು, ಕುಂಡಕ್ಕೆ ಜರಿ ಕಾಗದ ಸುತ್ತಿ, ಆ ಕಾಗದದೊಳಗೆ ನೀರು ನಿಂತಿದ್ದರೆ ಬೇರು ಉಸಿರಾಡುವುದು ಹೇಗೆ?

ಬೇರಿಗೆ ನೀರು ಎಳೆಯಲು ಆಗದಿದ್ದಾಗ ಎಲೆ ಜೋಲುತ್ತದೆ. ನೋಡಲು ಬಾಯಾರಿದ ಗಿಡದಂತೆಯೇ ಇರುತ್ತದೆ. ಇಲ್ಲೇ ಎಲ್ಲರೂ ಮೋಸಹೋಗುವುದು. ಕುಂಡ ಎತ್ತಿ ನೋಡಿ. ಹಗುರ ಇದ್ದರೆ ಬಾಯಾರಿದೆ, ನೀರು ಕೊಡಿ, ಎರಡು ಗಂಟೆಯಲ್ಲಿ ಎದ್ದು ನಿಲ್ಲುತ್ತದೆ. ಭಾರ ಇದ್ದರೆ ಬೇರು ನೋಡಲೇಬೇಕು.

ಒಂದು ಸಲ ಹೀಗೆ ಭಾರವಾದ ಕುಂಡವನ್ನು ಬೋರಲು ಹಾಕಿ ಗಿಡ ಹೊರತೆಗೆದೆ. ಮೊದಲು ಬಂದದ್ದು ಚರಂಡಿಯಂಥ ವಾಸನೆ. ಬೇರುಗಳು ಬೆಳ್ಳಗಿರಬೇಕಾದ ಕಡೆ ಟೀ ಬಣ್ಣ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಮೇಲಿನ ಸಿಪ್ಪೆ ಕಾಲುಚೀಲ ಕಳಚಿದ ಹಾಗೆ ಜಾರಿ ಬೆರಳಿಗೆ ಬಂತು, ಒಳಗಿನ ನಾರು ದಾರದ ಹಾಗೆ ಅಲ್ಲೇ ಉಳಿಯಿತು. ಇದು ಪಿಥಿಯಂ ಅನ್ನುವ ಜೀವಿ ತರುವ ಬೇರು ಕೊಳೆಯ ಗುರುತು. ಇಷ್ಟು ನೋಡಿದ ಮೇಲೆ ಬೇರೆ ಪರೀಕ್ಷೆ ಬೇಕಿಲ್ಲ.

ಅರ್ಧಕ್ಕಿಂತ ಹೆಚ್ಚು ಬೇರು ಬೆಳ್ಳಗಿದ್ದರೆ ಗಿಡ ಉಳಿಸಬಹುದು. ಕೊಳೆತದ್ದನ್ನು ಕತ್ತರಿಸಿ, ಹಳೇ ಮಣ್ಣು ಉದುರಿಸಿ, ಮೊದಲಿಗಿಂತ ಚಿಕ್ಕ ಕುಂಡಕ್ಕೆ ಹೊಸ ಮಿಶ್ರಣದಲ್ಲಿ ನೆಡಿ. ನಾನು ಎರಡು ಪಾಲು ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಹಾಕುತ್ತೇನೆ. ಮೇಲಿನ ಕೊಂಬೆಯನ್ನೂ ಮೂರನೇ ಒಂದು ಭಾಗ ಸವರಿ. ಬೇರು ಅರ್ಧವಾದಾಗ ಎಲೆಯೂ ಕಮ್ಮಿಯಾಗಬೇಕು. ಹತ್ತು ದಿನ ನೆರಳು, ಗೊಬ್ಬರ ಬೇಡವೇ ಬೇಡ. ಕಾಂಡದ ಬುಡವೇ ಕಪ್ಪಾಗಿ ಮೆತ್ತಗಾಗಿದ್ದರೆ ಬೇರಿನ ಆಸೆ ಬಿಡಿ. ಮೇಲಿನ ಗಟ್ಟಿ ಕೊಂಬೆಯಿಂದ ಕಡ್ಡಿ ತೆಗೆದು ಹೊಸ ಗಿಡ ಮಾಡಿಕೊಳ್ಳಿ. ಆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ.

ತಂದ ಮೂರೇ ದಿನಕ್ಕೆ ಎಲೆ ಬಾಗಿದೆ, ಉದುರುತ್ತಿದೆ

ಪ್ಲಾಸ್ಟಿಕ್ ಹೊದಿಕೆಯೊಳಗೆ ಕೂತು ಬಂದ ಗಿಡದ ಎಲೆ ತೊಟ್ಟುಗಳು ಕೆಳಗೆ ಬಾಗಿರುತ್ತವೆ. ಅದು ಎಥಿಲೀನ್ ಅನಿಲದ ಕೆಲಸ. ಹೊದಿಕೆ ತೆಗೆದರೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಮಾಗುತ್ತಿರುವ ಬಾಳೆಗೊನೆ, ಮಾವಿನಹಣ್ಣಿನ ಬುಟ್ಟಿಯಿಂದಲೂ ಇದೇ ಅನಿಲ ಬರುತ್ತದೆ. ಗಿಡವನ್ನು ಅಡುಗೆಮನೆ ಕಟ್ಟೆ ಮೇಲೆ ಇಡಬೇಡಿ. ಎಸಿ ಗಾಳಿ ನೇರ ಬಡಿಯುವ ಜಾಗವೂ ಬೇಡ. ಫೆಬ್ರವರಿ, ಮಾರ್ಚ್‌ನಲ್ಲಿ ಬಣ್ಣದ ಎಲೆ ಉದುರಿದರೆ ಅದು ಗಿಡದ ವಿಶ್ರಾಂತಿ ಕಾಲ, ಗಾಬರಿಯಾಗುವುದು ಬೇಡ.

ಬಿಳಿಯಲ್ಲೇ ಅಡಗಿದ ಹುಳ

ಹಸಿರು ಎಲೆಯ ಮೇಲೆ ಬಿಳಿ ಹುಳ ದೂರದಿಂದಲೇ ಕಾಣುತ್ತದೆ. ಬಿಳಿ ಎಲೆಯ ಮೇಲೆ ಕಾಣುವುದಿಲ್ಲ. ವೇರಿಗೇಟೆಡ್ ಗಿಡದಲ್ಲಿ ಬಿಳಿ ನೊಣ, ಹಿಟ್ಟು ತಿಗಣೆ ಕಣ್ಣಿಗೆ ಬೀಳುವ ಹೊತ್ತಿಗೆ ಸಂಸಾರ ಬೆಳೆದಿರುತ್ತದೆ. ಕಣ್ಣು ಒಂದನ್ನೇ ನಂಬದೆ ಕೈಯನ್ನೂ ಬಳಸಿ. ವಾರಕ್ಕೊಮ್ಮೆ ಗಿಡವನ್ನು ಮೆಲ್ಲಗೆ ಅಲುಗಾಡಿಸಿ, ಬಿಳಿ ನೊಣ ಇದ್ದರೆ ಪುಡಿ ಹಾರಿದ ಹಾಗೆ ಏಳುತ್ತವೆ. ಕೆಳಗಿನ ಎಲೆಗಳನ್ನು ಬೆರಳಿನಿಂದ ಸವರಿ, ಅಂಟು ಅಂಟು ಅನ್ನಿಸಿದರೆ ಮೇಲೆ ಯಾರೋ ರಸ ಹೀರುತ್ತಿದ್ದಾರೆ. ಆ ಅಂಟಿನ ಮೇಲೆ ಆಮೇಲೆ ಕಪ್ಪು ಮಸಿಯಂಥ ಬೂಷ್ಟು ಬೆಳೆಯುತ್ತದೆ. ಎಲೆ ತೊಟ್ಟಿನ ಕಂಕುಳಲ್ಲಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ.

ಹಿಟ್ಟು ತಿಗಣೆ ಸ್ವಲ್ಪ ಇದ್ದಾಗ ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ ತೆಗೆಯುವುದು ಎಲ್ಲಕ್ಕಿಂತ ಒಳ್ಳೆಯದು. ಬಿಳಿ ನೊಣಕ್ಕೆ ಹಳದಿ ಅಂಟು ಕಾರ್ಡ್ ತೂಗುಹಾಕಿ. ಅದರ ಜೊತೆಗೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅದು ಬೆರೆಯಲು ಒಂದೆರಡು ಹನಿ ಮೆದು ಸೋಪು ಹಾಕಿ ಸಂಜೆ ಹೊತ್ತು ಎಲೆಯ ಅಡಿಭಾಗ ನೆನೆಯುವ ಹಾಗೆ ಹೊಡೆಯಿರಿ. ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ಕಾಯಿರಿ. ಬಿಳಿ ಭಾಗ ನಾಜೂಕು, ಹಸಿರು ತಡೆದದ್ದನ್ನು ಅದು ತಡೆಯದೇ ಇರಬಹುದು. ಮೊಟ್ಟೆಗಳು ಒಡೆಯುತ್ತಲೇ ಇರುವುದರಿಂದ ಆರೇಳು ದಿನಕ್ಕೊಮ್ಮೆ ಮೂರು ನಾಲ್ಕು ಸಲ ಮಾಡಬೇಕು. ಬಣ್ಣ ಬಂದ ಎಲೆಗಳ ಮೇಲೆ ಎಣ್ಣೆ ಬೀಳಿಸಬೇಡಿ, ಕಲೆ ಉಳಿಯುತ್ತದೆ.

ಬೇಸಿಗೆಯಲ್ಲಿ ಎಲೆ ತುಂಬ ಸೂಜಿ ಚುಚ್ಚಿದಂಥ ಸಣ್ಣ ಬಿಳಿ ಚುಕ್ಕೆ ಕಂಡರೆ ಅದು ನುಸಿ. ಬಿಳಿ ಕಾಗದದ ಮೇಲೆ ಎಲೆ ತಟ್ಟಿ, ಓಡಾಡುವ ಚುಕ್ಕೆಗಳು ಬೀಳುತ್ತವೆ. ಎಲೆಯ ಅಡಿಗೆ ಜೋರಾಗಿ ನೀರು ಹಾಯಿಸಿದರೆ ಮುಕ್ಕಾಲು ಪಾಲು ಹೋಗುತ್ತವೆ. ಹೊಸ ಎಲೆಗಳು ಟೊಮ್ಯಾಟೊ ಎಲೆ ಮುದುರು ರೋಗದಂತೆ ದಪ್ಪ ನರ ಬಂದು ದೋಣಿಯಾಗಿ ಮುದುರಿದರೆ ಬಿಳಿ ನೊಣ ವೈರಸ್ ತಂದಿದೆ ಅಂತ ಅರ್ಥ. ಆ ಗಿಡವನ್ನು ಉಳಿಸಿಕೊಂಡರೆ ಪಕ್ಕದವಕ್ಕೆ ಅಪಾಯ.

ರೋಗದ ಮಾತಿನಲ್ಲಿ ನನಗೆ ತುಂಬ ಇಷ್ಟವಾದ ವಿಷಯ ಒಂದಿದೆ. ಕುಂಡದಲ್ಲಿ ಸಿಗುವ ಪಾಯಿನ್ಸೆಟಿಯಾ ಗುಜ್ಜಾಗಿ, ತುಂಬ ಕವಲೊಡೆದು ಇರುತ್ತದಲ್ಲ, ಹಳೇ ತೋಟಗಳದ್ದು ಮಾತ್ರ ಉದ್ದ ಕೋಲಿನ ಹಾಗೆ ಬೆಳೆಯುತ್ತದೆ. ಕಾರಣ ಫೈಟೋಪ್ಲಾಸ್ಮಾ ಅನ್ನುವ ಒಂದು ಸೂಕ್ಷ್ಮಜೀವಿ ಅಂತ 1997ರಲ್ಲಿ ಖಚಿತವಾಯಿತು. ನಮ್ಮ ಬದನೆ ಗಿಡಕ್ಕೆ ಸಣ್ಣೆಲೆ ರೋಗ ತರುವುದೂ ಇದೇ ಗುಂಪಿನ ಜೀವಿ. ಬದನೆಗೆ ಶಾಪವಾದದ್ದು ಇಲ್ಲಿ ಚಂದ ಕೊಟ್ಟಿದೆ. ಹಾಗಾಗಿ ನಿಮ್ಮ ಕುಂಡದ ಗಿಡ ಪೊದೆಯಂತೆ ಕವಲೊಡೆದರೆ ಅದನ್ನು ತೊಂದರೆ ಅಂದುಕೊಳ್ಳಬೇಡಿ.

ಡಿಸೆಂಬರ್ ಬಂತು, ಬಣ್ಣ ಬರಲಿಲ್ಲ

ಕೆಂಪಾಗುವುದು ಹೂವಲ್ಲ, ಎಲೆ. ನಿಜವಾದ ಹೂವು ನಡುವೆ ಇರುವ ಹಳದಿ ಮಣಿಗಳು. ಆ ಮಣಿ ಮೂಡುವ ಹೊತ್ತಿಗೆ ಸುತ್ತಲಿನ ಎಲೆಗಳಿಗೆ ಬಣ್ಣ ಏರುತ್ತದೆ. ಅದಕ್ಕೆ ಗಿಡಕ್ಕೆ ಬೇಕಾದದ್ದು ಉದ್ದ ರಾತ್ರಿ, ಸುಮಾರು 12 ಗಂಟೆ ಮೀರಿದ, ಒಡೆಯದ ಕತ್ತಲು. ವಾರಗಟ್ಟಲೆ, ಪ್ರತಿ ರಾತ್ರಿ.

ಉತ್ತರದ ದೇಶಗಳವರು ಬರೆದದ್ದರಲ್ಲಿ 14 ಗಂಟೆ ಕತ್ತಲು ಅಂತ ಇರುತ್ತದೆ. ಅವರ ಚಳಿಗಾಲದ ರಾತ್ರಿಗಳು ಅಷ್ಟು ಉದ್ದ, ಅಲ್ಲಿ ಕತ್ತಲು ಧಾರಾಳ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ರಾತ್ರಿಯೇ 12 ಗಂಟೆ 40 ನಿಮಿಷದ ಹತ್ತಿರ. ಅಂದರೆ ನಮ್ಮ ಗಿಡಕ್ಕೆ ಉಳಿತಾಯ ಇರುವುದು ಅರ್ಧ ಮುಕ್ಕಾಲು ಗಂಟೆ ಮಾತ್ರ. ಸಂಜೆ ಒಂದು ಗಂಟೆ ಬಾಲ್ಕನಿ ದೀಪ ಉರಿದರೆ ಅಷ್ಟೂ ಖರ್ಚಾಗಿಹೋಗುತ್ತದೆ. ನಡುರಾತ್ರಿ ಬೆಳಕು ಬಿದ್ದರೆ ಇನ್ನೂ ಕೆಟ್ಟದ್ದು, ಗಿಡ ಒಂದು ಉದ್ದ ರಾತ್ರಿಯನ್ನು ಎರಡು ಸಣ್ಣ ರಾತ್ರಿ ಅಂತ ಎಣಿಸುತ್ತದೆ.

ನಮ್ಮ ತಾರಸಿಯ ಮೂಲೆಯ ಗಿಡದಲ್ಲಿ ಇದನ್ನು ಕಣ್ಣಾರೆ ನೋಡಿದೆ. ನೀರಿನ ಟ್ಯಾಂಕ್ ಕಡೆಗಿದ್ದ ಕೊಂಬೆಗಳು ಡಿಸೆಂಬರ್ ಮೊದಲ ವಾರಕ್ಕೇ ಕೆಂಪಾದವು. ರಸ್ತೆ ಕಡೆಯವು ಜನವರಿ ಬಂದರೂ ಹಸಿರೇ. ಒಂದೇ ಗಿಡ, ಒಂದೇ ಕುಂಡ, ಒಂದೇ ಗೊಬ್ಬರ. ಆ ವರ್ಷ ರಸ್ತೆಗೆ ಹೊಸ ಎಲ್ಇಡಿ ದೀಪ ಹಾಕಿದ್ದರು. ರಾತ್ರಿ ಹತ್ತಕ್ಕೆ ಗಿಡದ ಹತ್ತಿರ ನಿಂತು ಪೇಪರ್ ಹಿಡಿದೆ, ದಪ್ಪ ಅಕ್ಷರ ಆರಾಮಾಗಿ ಓದಲು ಬಂತು. ಅವತ್ತಿನಿಂದ ಇದೇ ನನ್ನ ಅಳತೆ. ಗಿಡದ ಜಾಗದಲ್ಲಿ ರಾತ್ರಿ ಪೇಪರ್ ಓದಲು ಆದರೆ ಅಲ್ಲಿ ಬಣ್ಣ ಬರುವುದು ಕಷ್ಟ.

ಇನ್ನೊಂದು ಯಾರೂ ಯೋಚಿಸದ ಕಾರಣ ದೀಪಾವಳಿ. ಗಿಡಕ್ಕೆ ಕತ್ತಲು ತೀರಾ ಬೇಕಾದ ಅಕ್ಟೋಬರ್, ನವೆಂಬರ್‌ನಲ್ಲೇ ನಾವು ಬಾಲ್ಕನಿಗೆ ಸೀರಿಯಲ್ ಸೆಟ್ ಹಾಕುತ್ತೇವೆ, ಆಕಾಶಬುಟ್ಟಿ ಕಟ್ಟುತ್ತೇವೆ. ಮಣ್ಣಿನ ಹಣತೆ ಒಂದು ಗಂಟೆ ಉರಿದು ಆರುತ್ತದೆ. ಕರೆಂಟ್ ದೀಪ ಬೆಳಗಿನವರೆಗೆ ಉರಿಯುತ್ತದೆ, ಕಾರ್ತಿಕ ಮುಗಿಯುವವರೆಗೆ ಅಲ್ಲೇ ಇರುತ್ತದೆ. ದೀಪ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಗಿಡವನ್ನು ಹಿಂದಿನ ಕಡೆಗೆ, ಬೆಳಕು ಬೀಳದ ಜಾಗಕ್ಕೆ ಸರಿಸಿ.

ಸರಿಸಲು ಜಾಗ ಇಲ್ಲದವರು ಅಕ್ಟೋಬರ್ ಮೊದಲ ವಾರದಿಂದ ಸಂಜೆ 6ಕ್ಕೆ ರಟ್ಟಿನ ಡಬ್ಬ ಮುಚ್ಚಿ ಬೆಳಿಗ್ಗೆ 8ಕ್ಕೆ ತೆಗೆಯಿರಿ. ಎಂಟು ವಾರ, ಬಣ್ಣ ಚೆನ್ನಾಗಿ ತುಂಬುವವರೆಗೆ. ಹಗಲಲ್ಲಿ ಮಾತ್ರ ಪೂರ್ತಿ ಬೆಳಕು ಬೇಕು. ಡಬ್ಬ ಅಂದರೆ ಮರದಷ್ಟು ದೊಡ್ಡದು ಬೇಡ, ಎಲೆಗೆ ತಾಗದಂತಿದ್ದರೆ ಸಾಕು. ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ಒಳಗೆ ಬೆವರಿ ಬೂಷ್ಟು ಬರುತ್ತದೆ.

ಕತ್ತಲು ಸರಿಯಾಗಿದ್ದೂ ಬಣ್ಣ ಬರದಿದ್ದರೆ ರಾತ್ರಿಯ ಸೆಖೆ ನೋಡಿ. ರಾತ್ರಿ 21–22 ಡಿಗ್ರಿ ದಾಟಿದರೆ ಗಿಡ ತಡಮಾಡುತ್ತದೆ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಈ ತೊಂದರೆ ಇಲ್ಲ. ಮಂಗಳೂರು, ಉಡುಪಿ ಕಡೆಯವರಿಗೆ ಬಣ್ಣ ತಡವಾಗಿ, ಸ್ವಲ್ಪ ಮಂಕಾಗಿ ಬರುವುದಕ್ಕೆ ಇದೇ ಕಾರಣ. ಅದು ನಿಮ್ಮ ಆರೈಕೆಯ ತಪ್ಪಲ್ಲ. ಮತ್ತೆ, ಸೆಪ್ಟೆಂಬರ್‌ನಲ್ಲಿ ತುದಿ ಚಿವುಟಿದ್ದೀರಾ? ಆಗಸ್ಟ್ ಕೊನೆಯ ನಂತರ ಕತ್ತರಿ ಮುಟ್ಟಬಾರದು. ಹೊಸ ಕವಲಿಗೆ ಬೆಳೆದು ನಿಲ್ಲಲು ಸಮಯವೇ ಸಿಗುವುದಿಲ್ಲ.

ಕಡ್ಡಿ ನೆಟ್ಟರೆ ಬರೀ ಕೆಂಪು, ಬರೀ ಹಸಿರು ಬರುತ್ತಿದೆ

ಎಲೆ ಅಂಚು ಬಿಳಿ ಇರುವ ಬಗೆಯಲ್ಲಿ ಇದನ್ನು ತಪ್ಪಿಸುವುದು ಸುಲಭ. ಸಮವಾಗಿ ಬಿಳಿ ಇರುವ ಕೊಂಬೆಯ ತುದಿಯಿಂದ ಜೂನ್, ಜುಲೈನಲ್ಲಿ ನಾಲ್ಕು ಇಂಚಿನ ಎಳೆ ಕಡ್ಡಿ ತೆಗೆಯಿರಿ. ಹಾಲು ನಿಲ್ಲುವವರೆಗೆ ನೀರಿನಲ್ಲಿಟ್ಟು, ಕೊಕೊಪೀಟ್ ಮತ್ತು ಮರಳಿನಲ್ಲಿ ನೆಟ್ಟು ನೆರಳಲ್ಲಿಡಿ. ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ, ಬಿಳಿ ಜಾಸ್ತಿ ಇರುವ ಕಡ್ಡಿಗೆ ಇನ್ನೂ ಒಂದೆರಡು ವಾರ ಹಿಡಿಯುತ್ತದೆ. ಪೂರ್ತಿ ಬಿಳಿ ಕಡ್ಡಿಗೆ ಬೇರು ಬಂದರೂ ಬದುಕುವುದಿಲ್ಲ. ಬೇರಿನಿಂದ ಎದ್ದ ಚಿಗುರನ್ನು ಬಳಸಬೇಡಿ, ಅದು ಒಳಪದರದಿಂದ ಹುಟ್ಟುವುದರಿಂದ ತಾಯಿಯ ಬಣ್ಣ ಬರುವುದಿಲ್ಲ.

ಕೆಂಪಿನ ಮೇಲೆ ಗುಲಾಬಿ ಚಿಮುಕಿಸಿದ ಬಗೆಯಲ್ಲಿ ತೊಂದರೆ ಬೇರೆ. ಜೂನ್‌ನಲ್ಲಿ ಎಲ್ಲ ಕೊಂಬೆಯೂ ಒಂದೇ ಥರ ಹಸಿರು. ಯಾವುದು ಚುಕ್ಕೆ ಉಳಿಸಿಕೊಂಡಿದೆ, ಯಾವುದು ಬರೀ ಕೆಂಪಿಗೆ ತಿರುಗಿದೆ ಅಂತ ಎಲೆ ನೋಡಿ ಹೇಳಲು ಆಗುವುದಿಲ್ಲ. ಹಾಗಾಗಿ ಆ ಕೆಲಸ ಡಿಸೆಂಬರ್‌ನಲ್ಲೇ ಮುಗಿಸಬೇಕು. ಬಣ್ಣ ತುಂಬಿದ ವಾರ ನಾನು ಹಳೇ ಸೀರೆ ಅಂಚಿನ ದಾರ ಹಿಡಿದು ತಾರಸಿಗೆ ಹೋಗುತ್ತೇನೆ. ಚುಕ್ಕೆ ಚೆನ್ನಾಗಿರುವ ಕೊಂಬೆಗಳ ಬುಡಕ್ಕೆ ಹಸಿರು ದಾರ, ಬರೀ ಕೆಂಪಾದವಕ್ಕೆ ಕಪ್ಪು ದಾರ. ಸಡಿಲವಾಗಿ, ಬುಡದ ಹತ್ತಿರ, ಮಾರ್ಚ್‌ನಲ್ಲಿ ಸವರಿದ ಮೇಲೂ ಉಳಿಯುವಷ್ಟು ಕೆಳಗೆ ಕಟ್ಟುತ್ತೇನೆ. ಕಪ್ಪು ದಾರದವು ಮಾರ್ಚ್‌ನಲ್ಲಿ ಬುಡ ಸಮೇತ ಹೋಗುತ್ತವೆ. ಹಸಿರು ದಾರದವುಗಳ ಚಿಗುರಿನಿಂದ ಮಾತ್ರ ಜೂನ್‌ನಲ್ಲಿ ಕಡ್ಡಿ. ಕೆಳಗಿನ ಮನೆಯ ಹುಡುಗಿಗೂ ಈ ಸಲ ಎರಡು ಬಣ್ಣದ ದಾರ ಕೊಟ್ಟಿದ್ದೇನೆ.